ನಕಾಶೆ ಕೈಗೆ ಬಂದರೆ ಮೊದಲು ಸ್ಕೇಲ್ ನೋಡಿ

ಕೇಳುಗರಿಗೆ ನಮಸ್ಕಾರ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆ ಹೊಲದ ಮನೆಯಲ್ಲಿ ರೇಡಿಯೋ ಹಚ್ಚಿಕೊಂಡು ಕೂತ ರೈತರಿಗೂ, ನಾಳೆಯ ಭೂಗೋಳ ಪಾಠಕ್ಕೆ ತಯಾರಾಗುತ್ತಿರುವ ಗುರುಗಳಿಗೂ ಇವತ್ತು ಒಂದೇ ಮಾತು ಹೇಳುವುದಿದೆ. ನಕಾಶೆ ಬಿಚ್ಚಿದ ಕೂಡಲೇ ನಿಮ್ಮ ಊರು ಹುಡುಕಬೇಡಿ, ನಿಮ್ಮ ಸರ್ವೇ ನಂಬರ್ ಹುಡುಕಬೇಡಿ. ಸ್ಕೇಲ್ ಹುಡುಕಿ.

ಕಾಗದದ ಮೇಲಿನ ಒಂದು ಅಂಗುಲ ನೆಲದ ಮೇಲೆ ಎಷ್ಟು ದೂರ? ಅದೇ ಸ್ಕೇಲ್. ನಮ್ಮ ಭಾಗದ ಹಳೆಯ ಗ್ರಾಮ ನಕಾಶೆಗಳು ಮುಂಬೈ ಪ್ರಾಂತ್ಯದ ಕಾಲದ ಪದ್ಧತಿಯವು. ಸಾಮಾನ್ಯವಾಗಿ ಒಂದು ಮೈಲಿಗೆ 8 ಅಂಗುಲ. ಅಂದರೆ ಒಂದು ಅಂಗುಲಕ್ಕೆ 660 ಅಡಿ, 33 ಅಡಿಯ ಸರಪಳಿ 20 ಸಲ. 33 ಅಡಿ ಉದ್ದ, 33 ಅಡಿ ಅಗಲದ ತುಂಡೇ ನಿಮ್ಮ ಉತಾರದಲ್ಲಿರುವ, ಅಂದರೆ ಪಹಣಿಯಲ್ಲಿರುವ, ಒಂದು ಗುಂಟೆ, 1,089 ಚದರ ಅಡಿ. ಅಂಥವು 40 ಸೇರಿದರೆ ಎಕರೆ. ಈ ನಕಾಶೆಯಲ್ಲಿ ಒಂದು ಚದರ ಅಂಗುಲ ಅಂದರೆ ಸರಿಯಾಗಿ 10 ಎಕರೆ. ಎಷ್ಟು ಸುಲಭದ ಲೆಕ್ಕ ನೋಡ್ರಿ!

ಈ ಲೆಕ್ಕ ಕೆಡುವುದು ಝೆರಾಕ್ಸ್ ಅಂಗಡಿಯಲ್ಲಿ. ‘ಸಣ್ಣದಾಗಿ ಕಾಣತೈತಿ, ದೊಡ್ಡದು ಮಾಡಿ ಕೊಡ್ರಿ’ ಅಂತೀರಿ. ಎ4 ಹಾಳೆ ಎ3 ಆಗುವಾಗ ಉದ್ದ 141 ಪರ್ಸೆಂಟ್ ಆಗುತ್ತದೆ, ಕ್ಷೇತ್ರ ಎರಡು ಪಟ್ಟು. ಮೂಲೆಯಲ್ಲಿ ಬರೆದ ‘1 ಅಂಗುಲಕ್ಕೆ 660 ಅಡಿ’ ಮಾತ್ರ ಹಾಗೇ ಇರುತ್ತದೆ. ಅದನ್ನು ನಂಬಿ ಅಳೆದರೆ 10 ಎಕರೆ ಹೊಲ 20 ಎಕರೆ ಆಗುತ್ತದೆ. ಅದಕ್ಕೇ ಝೆರಾಕ್ಸ್ ಮಾಡಿಸುವ ಮೊದಲು ಮೂಲ ನಕಾಶೆಯ ಅಂಚಿನಲ್ಲಿ ಒಂದು ಅಂಗುಲದ ಗೆರೆ ಎಳೆದು ‘660 ಅಡಿ’ ಎಂದು ಬರೆಯಿರಿ. ನಕಾಶೆ ಹಿಗ್ಗಿದರೆ ಗೆರೆಯೂ ಹಿಗ್ಗುತ್ತದೆ, ಕುಗ್ಗಿದರೆ ಅದೂ ಕುಗ್ಗುತ್ತದೆ. ಮೊಬೈಲಿನಲ್ಲಿ ಓರೆಯಾಗಿ ಹೊಡೆದ ಫೋಟೊಗೆ ಈ ಉಪಾಯ ನಡೆಯದು. ಅದರಲ್ಲಿ ಹತ್ತಿರದ ಅಂಚಿಗೆ ಒಂದು ಸ್ಕೇಲ್, ದೂರದ ಅಂಚಿಗೆ ಇನ್ನೊಂದು.

ಇನ್ನೊಂದು ವಿಷಯ, ಒಡ್ಡಿನ ಜಗಳದವರು ಕಿವಿಗೊಟ್ಟು ಕೇಳಿ. ಅರ್ಧ ಮಿಲಿಮೀಟರ್ ದಪ್ಪದ ಪೆನ್ಸಿಲ್ ಗೆರೆ ಈ ನಕಾಶೆಯಲ್ಲಿ ಸುಮಾರು 13 ಅಡಿ ನೆಲವನ್ನು ಮುಚ್ಚುತ್ತದೆ. ಮೂರಡಿ ಒತ್ತುವರಿಯನ್ನು ಗ್ರಾಮ ನಕಾಶೆ ತೋರಿಸುವುದು ಸಾಧ್ಯವೇ ಇಲ್ಲ. ಅದಕ್ಕೆ ಹದ್ದುಬಸ್ತು ಬೇಕು, ಅಂದರೆ ಭೂಮಾಪಕರು ನೆಲದ ಮೇಲೇ ಅಳೆದು ಗಡಿ ಗುರುತಿಸಬೇಕು. 1:50,000 ಸ್ಕೇಲಿನ, ಅಂದರೆ ಕಾಗದದ ಒಂದು ಸೆಂಟಿಮೀಟರಿಗೆ ನೆಲದ 500 ಮೀಟರ್ ಇರುವ, ಸರ್ವೇ ಆಫ್ ಇಂಡಿಯಾ ಹಾಳೆಯಲ್ಲಿ ಅದೇ ಗೆರೆ 25 ಮೀಟರ್.

ಸ್ಕೇಲ್ ಹುಟ್ಟುವುದು ನೆಲದ ಮೇಲೆ ನಿಜವಾಗಿ ಅಳೆದ ಒಂದು ಗೆರೆಯಿಂದ. 1802ರ ಏಪ್ರಿಲ್ 10ರಂದು ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಬ್ರಿಟಿಷ್ ಸರ್ವೇ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಅಂಥದೊಂದು ಗೆರೆ ಅಳೆಯಲು ಶುರು ಮಾಡಿದರು. ಉದ್ದ ಏಳೂವರೆ ಮೈಲಿ. ಹಿಡಿದ ದಿನ 57. ಇಷ್ಟು ದೂರಕ್ಕೆ ಅಷ್ಟು ದಿನವೇ ಎನ್ನಬೇಡಿ. ಅವರ ಕೈಯಲ್ಲಿದ್ದುದು 100 ಅಡಿಯ ಉಕ್ಕಿನ ಸರಪಳಿ, ಎರಡೂವರೆ ಅಡಿಯ 40 ಕೊಂಡಿ. ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಬೇಡವೆನಿಸಿಕೊಂಡು, ಕೊನೆಗೆ ಹಿಂದೂಸ್ತಾನಕ್ಕೆ ಬಂದ ಸರಪಳಿ ಅದು! ಅದನ್ನು ನೆಲಕ್ಕೆ ತಾಗಿಸದೆ ಉದ್ದನೆಯ ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ಮೇಲೆ ಡೇರೆಯ ನೆರಳು ಮಾಡಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ಮಟ್ಟ ನೋಡಿ, ಬಿಗಿದು, ಸುಮಾರು 400 ಸಲ ಮುಂದೆ ಸರಿಸಿದರು. ಬಿಸಿಲಿಗೆ ಉಕ್ಕು ಉದ್ದವಾಗುತ್ತದೆ, ಅದಕ್ಕೇ ಇಷ್ಟೆಲ್ಲ. ಎರಡನೆಯ ಸರಪಳಿಯೊಂದನ್ನು ಕೆಲಸಕ್ಕೆ ಹಚ್ಚದೆ ಹೋಲಿಸಿ ನೋಡಲಿಕ್ಕೆಂದೇ ಕಾಯ್ದಿಟ್ಟಿದ್ದರು. ಮುಂದೆ ಎಲ್ಲ ಕೋನದ ಕೆಲಸ: ತ್ರಿಕೋನದ ಒಂದು ಬದಿ, ಎರಡು ಕೋನ ಗೊತ್ತಿದ್ದರೆ ಉಳಿದ ಬದಿಗಳು ಲೆಕ್ಕದಿಂದ ಬರುತ್ತವೆ. ತ್ರಿಕೋನಕ್ಕೆ ತ್ರಿಕೋನ ಜೋಡಿಸುತ್ತ ಬೆಂಗಳೂರಿಗೆ ಬಂದು, 1804ರಲ್ಲಿ ಅಲ್ಲಿ ಮತ್ತೆ ಸರಪಳಿ ಹಾಸಿ ಅಳೆದಾಗ, ಲೆಕ್ಕಕ್ಕೂ ಅಳತೆಗೂ ಇದ್ದ ವ್ಯತ್ಯಾಸ ಕೆಲವೇ ಅಂಗುಲ! ಮೊದಲ ಗೆರೆ ತಪ್ಪಿದ್ದರೆ ಅದರ ಮೇಲೆ ಕಟ್ಟಿದ ಪ್ರತಿ ತ್ರಿಕೋನವೂ ತಪ್ಪಿರುತ್ತಿತ್ತು. ನಮ್ಮ ವಿಜಯಪುರದ ಬಿಸಿಲಿನಲ್ಲಿ 30 ಮೀಟರಿನ ಉಕ್ಕಿನ ಟೇಪು 20 ಡಿಗ್ರಿ ಹೆಚ್ಚು ಕಾದರೆ ಏಳು ಮಿಲಿಮೀಟರ್ ಉದ್ದವಾಗುತ್ತದೆ. ಬಟ್ಟೆಯ ಟೇಪು ಎಳೆದಷ್ಟೂ ಜಗ್ಗುತ್ತದೆ. ಬೆಳಿಗ್ಗೆ ಅಳೆಯಿರಿ, ಉಕ್ಕಿನದರಲ್ಲಿ ಅಳೆಯಿರಿ.

ಸಮಯ ಓಡಿತು. ಗುರುಗಳಿಗೆ ಹೇಳಬೇಕಾದ್ದು ಬಣ್ಣದ ವಿಷಯ. ತಾಲೂಕುವಾರು ಕೊಳವೆಬಾವಿಗಳ ನಕಾಶೆಗೆ ಒಟ್ಟು ಸಂಖ್ಯೆ ಹಿಡಿದು ಬಣ್ಣ ತುಂಬಿಸಬೇಡಿ. ದೊಡ್ಡ ತಾಲೂಕಿನಲ್ಲಿ ಬಾವಿ ಹೆಚ್ಚಿರುವುದು ಸಹಜ. ಕ್ಷೇತ್ರದಿಂದ ಭಾಗಿಸಿ, ಚದರ ಕಿಲೋಮೀಟರಿಗೆ ಎಷ್ಟು ಎಂದು ತೆಗೆದು, ತಿಳಿಯಿಂದ ಗಾಢಕ್ಕೆ ಒಂದೇ ಬಣ್ಣದ ನಾಲ್ಕೈದು ಛಾಯೆ ಕೊಡಿ. ಕ್ಷೇತ್ರ ತೆಗೆಯಲಿಕ್ಕೂ ಸ್ಕೇಲೇ ಬೇಕು. ಉತ್ತರ ದಿಕ್ಕಿನ ಬಾಣ ಮರೆಯಬೇಡಿ.

ಸ್ಕೇಲ್ ಅಳಿಸಿಹೋದ ನಕಾಶೆ ಮನೆಯಲ್ಲಿದ್ದರೆ ಎಸೆಯಬೇಡಿ. ಕಾಗದದಲ್ಲೂ ನೆಲದಲ್ಲೂ ಗುರುತು ಸಿಗುವ ಎರಡು ಬಾಂದುಕಲ್ಲು, ಅಂದರೆ ಗಡಿಕಲ್ಲು, ಆರಿಸಿ, ಆದಷ್ಟು ದೂರದವು. ನಡುವಿನ ದೂರವನ್ನು ಟೇಪಿನಿಂದ ನೇರವಾಗಿ ಅಳೆಯಿರಿ. 990 ಅಡಿ ಬಂತು, ಕಾಗದದಲ್ಲಿ ಒಂದೂವರೆ ಅಂಗುಲ ಇದೆ ಅಂದರೆ ಅಂಗುಲಕ್ಕೆ 660. ಬೇರೊಂದು ಜೋಡಿ ಕಲ್ಲು ಹಿಡಿದು ಮತ್ತೊಮ್ಮೆ ಅಳೆಯಿರಿ. ಎರಡೂ ತಾಳೆಯಾದ ಮೇಲೆ ಅಂಚಿನಲ್ಲಿ ಆ ಒಂದು ಅಂಗುಲದ ಗೆರೆ ಎಳೆಯಿರಿ. ನಮಸ್ಕಾರ.