ಹೋಳಿಗೆಗೆ ಫಲಿತಾಂಶ ಕಾಯಬೇಕಿಲ್ಲ

ನಮಸ್ಕಾರ. 2025ರ ಯುಗಾದಿ ಮಾರ್ಚ್ 30ಕ್ಕೆ ಬಂದಿತ್ತು. ತಿಪಟೂರಿನ ಕಡೆ ಇರುವ ನನ್ನ ಅಕ್ಕನ ಮನೆಯಲ್ಲಿ ಆ ದಿನ ಹೋಳಿಗೆ ಮಾಡಲಿಲ್ಲ. ಮಗಳಿಗೆ ಎಸ್ಎಸ್ಎಲ್‌ಸಿ ಪರೀಕ್ಷೆ ನಡೆಯುತ್ತಿತ್ತು. ಹಿಂದಿನ ದಿನ ಸಮಾಜ ವಿಜ್ಞಾನ ಮುಗಿದಿತ್ತು, ಏಪ್ರಿಲ್ 2ಕ್ಕೆ ವಿಜ್ಞಾನ. ಬೇವು ಬೆಲ್ಲ ಬಾಯಿಗೆ ಹಾಕಿಕೊಂಡು ಅವಳು ಮತ್ತೆ ಪುಸ್ತಕ ಹಿಡಿದಳು. ಏಪ್ರಿಲ್ 4ರಂದು ಕೊನೆಯ ಪತ್ರಿಕೆ ಬರೆದು ಬಂದಾಗ ಹೊಸ್ತಿಲಿಗೇ ಹೂರಣದ ಘಮ ಬರುತ್ತಿತ್ತು. ಬಾಗಿಲಿಗೆ ಹೊಸ ಮಾವಿನ ತೋರಣ ಕಟ್ಟಿತ್ತು.

ಊಟಕ್ಕೆ ಬಂದಿದ್ದ ನೆಂಟರೊಬ್ಬರು, "ಫಲಿತಾಂಶವೇ ಬಂದಿಲ್ಲ, ಆಗಲೇ ಹಬ್ಬವೇ?" ಎಂದರು. ಅಕ್ಕ ಹೋಳಿಗೆಗೆ ಕಾಯಿಹಾಲು ಹಾಕುತ್ತಲೇ ಉತ್ತರಿಸಿದಳು: "ಶಾಲೆ ಮುಗಿಯಿತಲ್ಲ!" ಏಳನೇ ತರಗತಿಗೇ ಶಾಲೆ ಬಿಟ್ಟವಳು ಅವಳು. ಆ ಮಾತಿನ ತೂಕ ಅವಳಿಗೆ ಗೊತ್ತು.

ನಾನು ಅಕ್ಕನ ಪರ. ಸಿಹಿ ಹಂಚಬೇಕಾದದ್ದು ಶಾಲೆ ಮುಗಿದ ದಿನ, ಅಂಕ ಬಂದ ದಿನವಲ್ಲ.

ಆ ಹುಡುಗಿ ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಸೇರಿದ್ದು 2015ರಲ್ಲಿ. ಕ್ಷೀರಭಾಗ್ಯದ ಹಾಲಿಗೆ ಮನೆಯಿಂದಲೇ ಲೋಟ ಒಯ್ಯುತ್ತಿದ್ದಳು. ಐದನೇ ತರಗತಿಯ ಕೊನೆಗೆ ಕೊರೊನಾ ಬಂದು ಶಾಲೆಗೆ ಬೀಗ ಬಿತ್ತು. 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾದಾಗ ಮೇಷ್ಟ್ರು ಊರಿಗೇ ಬಂದರು. ಅರಳಿಕಟ್ಟೆಯ ಮೇಲೆ ಮಕ್ಕಳನ್ನು ದೂರ ದೂರ ಕೂರಿಸಿ ಭಿನ್ನರಾಶಿ ಹೇಳಿಕೊಟ್ಟರು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಆಮೇಲೆ ಮನೆಗಿದ್ದ ಒಂದೇ ಮೊಬೈಲ್, ಅದೂ ಭಾವನ ಜೇಬಿನಲ್ಲಿ, ಭಾವ ತೋಟದಲ್ಲಿ. ಮರೆತ ಭಿನ್ನರಾಶಿಯನ್ನು ಏಳನೇ ತರಗತಿಯಲ್ಲಿ ಮತ್ತೆ ಮೊದಲಿನಿಂದ ಕಲಿತು, ಹತ್ತನೆಯವರೆಗೆ ನಡೆದು ಬಂದ ಮಗು ಅದು. ಇದನ್ನು ಯಾವ ಅಂಕಪಟ್ಟಿ ಹೇಳುತ್ತದೆ?

625ಕ್ಕೆ 625 ಪಡೆದವರ ಫೋಟೋ ಪತ್ರಿಕೆಯಲ್ಲಿ ಬರಲಿ, ನನಗೂ ಸಂತೋಷ. ಆದರೆ ಆ ವರ್ಷ ಮೊದಲ ಪರೀಕ್ಷೆಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳು ಉತ್ತೀರ್ಣರಾಗಲಿಲ್ಲ. ಅವರೂ ಹತ್ತು ವರ್ಷ ಅದೇ ಗಂಟೆಗೆ ಓಡಿದವರು. 2025ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶವಿತ್ತು; ಮತ್ತೆ ಬರೆದು ಪಾಸಾಗಬಹುದಿತ್ತು. ಅಂಥ ಮಗುವಿನ ಮನೆಯಲ್ಲಿ ಮಾತ್ರ ಶಾಲೆ ಮುಗಿದದ್ದಕ್ಕೆ ಯಾರೂ ಹೂರಣ ರುಬ್ಬಿರುವುದಿಲ್ಲ. ನನ್ನನ್ನು ಕಾಡುವುದು ಇದು.

ಅಮೆರಿಕದಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಹೈಸ್ಕೂಲು ಮುಗಿದಾಗ ನಡೆಯುವ ಸಂಭ್ರಮ ನನಗೆ ಇಷ್ಟ. ಅಲ್ಲಿ ಹನ್ನೆರಡನೆಯ ತರಗತಿ ಮುಗಿಸಿದ ಮಕ್ಕಳು ಗೌನು, ಟೋಪಿ ತೊಟ್ಟು ಸಾಲಾಗಿ ಬರುತ್ತಾರೆ. ಟೋಪಿಯ ಕುಚ್ಚನ್ನು ಬಲದಿಂದ ಎಡಕ್ಕೆ ಸರಿಸುತ್ತಾರೆ. ಮೊದಲಿಗರಿಗೆ ಕೊರಳಲ್ಲಿ ವಿಶೇಷ ಪಟ್ಟಿ ಇರಬಹುದು, ಆದರೆ ಹೆಸರು ಕೂಗುವುದು ಎಲ್ಲರದನ್ನೂ. ನಮಗೆ ಗೌನು ಬೇಕಿಲ್ಲ. ಪ್ರತಿ ಮಗುವಿನ ಹೆಸರನ್ನೂ ಒಮ್ಮೆ ಗಟ್ಟಿಯಾಗಿ ಕೂಗಿದರೆ ಸಾಕು.

ಇನ್ನು ರಜೆ. ಪರೀಕ್ಷೆ ಮುಗಿದ ವಾರದಲ್ಲೇ ಪಿಯುಸಿ ಪಾಠಕ್ಕೆಂದು ಮಕ್ಕಳನ್ನು ಹಾಸ್ಟೆಲ್‌ಗೆ ಬಿಟ್ಟುಬರುವ ತಂದೆತಾಯಿಯರೇ, ಕೈಮುಗಿದು ಕೇಳುತ್ತೇನೆ, ಈ ಎರಡು ತಿಂಗಳನ್ನು ಕಿತ್ತುಕೊಳ್ಳಬೇಡಿ. ನಮ್ಮ ಹುಡುಗಿ ಆ ಬೇಸಿಗೆಯಲ್ಲಿ ಅಜ್ಜಿಯ ಜೊತೆ ಹಲಸಿನ ಹಪ್ಪಳ ಒತ್ತಿದಳು. ಮಧ್ಯಾಹ್ನವೆಲ್ಲ ನಿದ್ದೆ ಮಾಡಿದಳು, ಹತ್ತು ವರ್ಷದ ನಿದ್ದೆ. ಸಂಜೆ ಅಕ್ಕ ಅವಳ ಬೆನ್ನಿಗೆ ಎರಡು ಒಣಗಿದ ತೆಂಗಿನಕಾಯಿ ಕಟ್ಟಿ ತೋಟದ ತೊಟ್ಟಿಯಲ್ಲಿ ಈಜು ಕಲಿಸಿದಳು.

ಮೇ 2ರಂದು ಫಲಿತಾಂಶ ಬಂತು. ನೆಂಟರು ಫೋನ್ ಮಾಡಿ ಎಷ್ಟು ಎಂದು ಕೇಳಿದರು. ಅಕ್ಕ ಸಂಖ್ಯೆ ಹೇಳಿದಳು, ಹೇಳಿದ ಮೇಲೆ ಸೇರಿಸಿದಳು: "ನಿನ್ನೆಯಿಂದ ಕಾಯಿ ಕಟ್ಟಿಕೊಳ್ಳದೆ ಈಜುತ್ತಿದ್ದಾಳೆ."