ಹದಿನಾಲ್ಕು ಕಿರಾಣಿ ಅಂಗಡಿಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಆಯೋಗ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಏನು? ಒಬ್ಬರು ನಿವೃತ್ತ ನ್ಯಾಯಮೂರ್ತಿ, ಎರಡು ಮೂರು ಸಲ ಅವಧಿ ವಿಸ್ತರಣೆ, ಕೊನೆಗೆ ದಪ್ಪನೆಯ ವರದಿ. ಇವತ್ತು ನಾನು ಹೇಳುವ ಆಯೋಗ ಹುಟ್ಟಿದ ರೀತಿಯೇ ಬೇರೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಬೆಟ್ಟಗಳ ನಡುವೆ ಆಶ್‌ವಿಲ್ ಎಂಬ ಊರಿದೆ. ಜನಸಂಖ್ಯೆ ಒಂದು ಲಕ್ಷಕ್ಕಿಂತ ಸ್ವಲ್ಪ ಕಡಿಮೆ. ಅಲ್ಲಿನ ಕಪ್ಪು ಜನರಿಗೆ ಊರಿನ ಆಡಳಿತದಿಂದಲೇ ಆದ ಅನ್ಯಾಯಕ್ಕೆ ಏನು ಪರಿಹಾರ ಅಂತ ಹೇಳುವುದಕ್ಕೆ ಈ ಆಯೋಗ. ಇಂಥ ಆಯೋಗದ ಹಣೆಬರಹ ಮೊದಲ ಸಭೆಗೂ ಮುಂಚೆಯೇ, ಕುರ್ಚಿಯಲ್ಲಿ ಯಾರು ಕೂರಬೇಕು ಅಂತ ತೀರ್ಮಾನ ಆಗುವಾಗಲೇ ಬರೆದಾಗಿರುತ್ತದೆ ಅಂತ ನಾನು ನಂಬಿದ್ದೇನೆ, ಅದಕ್ಕೇ ಈ ಊರಿನ ಕತೆ.

ಮೊದಲು ಅನ್ಯಾಯದ ಮಾತು. 1949ರಲ್ಲಿ ಅಮೆರಿಕ ಸರ್ಕಾರ ಒಂದು ವಸತಿ ಕಾನೂನು ತಂದಿತು. ಒಂದು ಕೇರಿಯನ್ನು ಹಾಳುಬಿದ್ದ ಜಾಗ ಅಂತ ಘೋಷಿಸಿ, ಅಲ್ಲಿನ ಮನೆಗಳನ್ನು ಕೊಂಡು, ಕೊಡಲ್ಲ ಅಂದವರದ್ದನ್ನು ಬಲವಂತವಾಗಿ ವಶಕ್ಕೆ ತೆಗೆದುಕೊಂಡು, ಎಲ್ಲ ಕೆಡವಿ, ರಸ್ತೆ ಮಾಡಿ, ಮಿಕ್ಕ ಜಾಗ ಮಾರುವುದಕ್ಕೆ ಇದರಿಂದ ದಾರಿಯಾಯಿತು. ಖರ್ಚಿನ ಹೆಚ್ಚಿನ ಪಾಲು ಕೇಂದ್ರದ್ದು. ಇದಕ್ಕೆ ಇಟ್ಟ ಹೆಸರು ನಗರ ನವೀಕರಣ. ಆಶ್‌ವಿಲ್‌ನಲ್ಲಿ ಸೌತ್‌ಸೈಡ್ ಎಂಬ ಕಪ್ಪು ಜನರ ಬಡಾವಣೆ ಇತ್ತು. ಅಲ್ಲಿ ಈ ಯೋಜನೆಗೆ ಸಿಕ್ಕಿದ್ದು 400 ಎಕರೆಗೂ ಜಾಸ್ತಿ.

ಅಲ್ಲಿ ಏನೇನು ಹೋಯಿತು ಅಂತ ಲೆಕ್ಕ ಇಟ್ಟವರು ವೆಸ್ಲಿ ಗ್ರಾಂಟ್ ಎಂಬ ಪಾದ್ರಿ. ಅವರ ಪಟ್ಟಿ ಹೀಗಿದೆ, ಸ್ವಲ್ಪ ನಿಧಾನವಾಗಿ ಓದುತ್ತೇನೆ. 1,100ಕ್ಕೂ ಹೆಚ್ಚು ಮನೆ. 6 ಬ್ಯೂಟಿ ಪಾರ್ಲರ್. 5 ಕ್ಷೌರದಂಗಡಿ. 5 ಪೆಟ್ರೋಲ್ ಬಂಕ್. 14 ಕಿರಾಣಿ ಅಂಗಡಿ. 3 ಲಾಂಡ್ರಿ. 7 ಚರ್ಚು. 3 ಚಪ್ಪಲಿ ಅಂಗಡಿ. ಒಂದು ಹೋಟೆಲು. ಒಂದು ಆಸ್ಪತ್ರೆ. ಪಟ್ಟಿ ಇನ್ನೂ ಇದೆ. ಒಂದು ಕಿರಾಣಿ ಅಂಗಡಿ ಹೋಯಿತು ಅಂದರೆ ಒಂದು ಮನೆಯ ದಿನದ ಸಂಪಾದನೆ ಹೋಯಿತು, ಮಕ್ಕಳಿಗೆ ಬಿಟ್ಟುಹೋಗಬೇಕಾದ ಆಸ್ತಿ ಹೋಯಿತು, ಪಕ್ಕದ ಬೀದಿಯ ಮುದುಕಿ ಎರಡು ಹೆಜ್ಜೆ ನಡೆದು ಹಾಲು ತರುತ್ತಿದ್ದ ಜಾಗ ಹೋಯಿತು. ಅಂಥವು 14. ಈ ಪಟ್ಟಿ ಮಾಡಿದ್ದು ಯಾವ ಇಲಾಖೆಯೂ ಅಲ್ಲ. ಅಲ್ಲಿ ಬದುಕಿದವರು, ಎದುರಿಗೇ ನಿಂತು ನೋಡಿದವರು.

2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಪೊಲೀಸನ ಮಂಡಿಯ ಕೆಳಗೆ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಸತ್ತರು. ದೇಶವೇ ಬೀದಿಗಿಳಿಯಿತು. ಅದೇ ಜುಲೈ 14ರಂದು ಆಶ್‌ವಿಲ್ ನಗರ ಮಂಡಳಿ ಒಮ್ಮತದಿಂದ ಒಂದು ನಿರ್ಣಯ ಮಾಡಿತು. ಗುಲಾಮಗಿರಿಯಲ್ಲಿ, ಬಣ್ಣ ನೋಡಿ ಬೇರೆ ಇಟ್ಟಿದ್ದರಲ್ಲಿ, ಆ ನಗರ ನವೀಕರಣದಲ್ಲಿ ತನ್ನ ಕೈ ಇತ್ತು ಅಂತ ಒಪ್ಪಿಕೊಂಡು ಕ್ಷಮೆ ಕೇಳಿತು, ಆಯೋಗ ಮಾಡುತ್ತೇವೆ ಅಂತ ಮಾತು ಕೊಟ್ಟಿತು. ಆಗಸ್ಟ್‌ನಲ್ಲಿ ಬಂಕೊಂಬ್ ಕೌಂಟಿ, ಅಂದರೆ ಆ ಊರು ಇರುವ ಜಿಲ್ಲೆಯ ಆಡಳಿತವೂ ಒಪ್ಪಿತು, ಆದರೆ ಅಲ್ಲಿ ಸಿಕ್ಕಿದ್ದು 4 ಮತ, ವಿರೋಧ 3.

ಮಾತು ಕೊಟ್ಟಿದ್ದು ಬೇಗ. ಆಯೋಗ ಮೊದಲ ಸಲ ಸೇರಿದ್ದು 2022ರ ಏಪ್ರಿಲ್‌ನಲ್ಲಿ. ಇದು ತುಂಬಾ ತಡವೇ, ಬೇಸರವಾಗುವುದು ಸಹಜ. ಮಧ್ಯೆ 2021ರಲ್ಲಿ ನಗರಾಡಳಿತ 21 ಲಕ್ಷ ಡಾಲರ್ ತೆಗೆದಿಟ್ಟಿತು. ಆ ದುಡ್ಡು ಬಂದಿದ್ದು ಎಲ್ಲಿಂದ ಗೊತ್ತಾ? ಹಿಂದೆ ನವೀಕರಣದ ಹೆಸರಲ್ಲಿ ಪಡೆದ ಜಾಗವನ್ನು ಮಾರಿದ್ದರಿಂದ!

ಈಗ ಕುರ್ಚಿಯ ವಿಷಯಕ್ಕೆ ಬರುತ್ತೇನೆ. ಆಯೋಗಕ್ಕೆ 25 ಸದಸ್ಯರು. ಅದರಲ್ಲಿ 15 ಜನರನ್ನು ಆರಿಸಿದ್ದು ಪೆಟ್ಟು ತಿಂದ ಕೇರಿಗಳು, ಸರ್ಕಾರಿ ವಸತಿಗಳಲ್ಲಿ ಇರುವವರು. ಮಿಕ್ಕ 10 ಜನರನ್ನು ನಗರವೂ ಕೌಂಟಿಯೂ ನೇಮಿಸಿದವು. ಲೆಕ್ಕ ನೋಡಿ. ಮತಕ್ಕೆ ಹಾಕಿದರೆ ಕೇರಿಯವರದ್ದೇ ಮೇಲುಗೈ. ಶಿಕ್ಷಣ, ಆರೋಗ್ಯ, ವಸತಿ, ಆರ್ಥಿಕ ಬೆಳವಣಿಗೆ, ಪೊಲೀಸು ಮತ್ತು ನ್ಯಾಯ ಅಂತ ಐದು ಗುಂಪು ಮಾಡಿಕೊಂಡರು.

ಜನರನ್ನು ಸೇರಿಸಿಕೊಳ್ಳುತ್ತೇವೆ ಅಂತ ಎಲ್ಲ ಊರಿನವರೂ ಹೇಳುತ್ತಾರೆ. ಆಮೇಲೆ ಸಭೆಯನ್ನು ಮಧ್ಯಾಹ್ನ ಮೂರು ಗಂಟೆಗೆ, ಬಸ್ಸೇ ಹೋಗದ ಜಾಗದಲ್ಲಿ ಇಡುತ್ತಾರೆ. ಕೂಲಿ ಬಿಟ್ಟು ಯಾರು ಬರುತ್ತಾರೆ ಹೇಳಿ? ಕೈಕೂಸು ಇರುವ ತಾಯಿ ಮಗುವನ್ನು ಎಲ್ಲಿ ಬಿಟ್ಟು ಬರಬೇಕು? ಬಂದವರಿಗೆ ಎರಡು ನಿಮಿಷ ಮೈಕು ಕೊಟ್ಟು, ಥ್ಯಾಂಕ್ಸ್ ಅಂತ ಹೇಳಿ ಕಳಿಸಿಬಿಡುತ್ತಾರೆ. ಅವರ ಮಾತು ಎಲ್ಲಿ ಹೋಯಿತು ಅಂತ ಅವರಿಗೆ ಯಾರೂ ತಿರುಗಿ ಹೇಳುವುದಿಲ್ಲ. ಇಂಥದ್ದು ಎರಡು ಸಲ ಆದರೆ ಮೂರನೇ ಸಲ ಬರುವವರು ಬಿಡುವಿರುವವರು ಮಾತ್ರ. ಮತ ಹಾಕುವ ಹಕ್ಕಿನ ಸಮೇತ ಕುರ್ಚಿ ಕೊಡುವುದು ನನಗೆ ಅದಕ್ಕೇ ಅಷ್ಟು ದೊಡ್ಡದಾಗಿ ಕಾಣುತ್ತದೆ.

ಮತ ಇದ್ದವರು ಏನು ಕೇಳಿದರು? ದುಡ್ಡು ಕೇಳಿದರು, ಕೇಳಲೇಬೇಕು. ಅದರ ಜೊತೆಗೆ, 2023ರ ಆರಂಭದಲ್ಲಿ, ಇನ್ನೊಂದು ಬೇಡಿಕೆ ಇಟ್ಟರು. ಮೊದಲು ಹಾನಿ ಮಾಡುವುದನ್ನು ನಿಲ್ಲಿಸಿ, ಈಗಲೂ ನಿಮ್ಮ ಯಾವ ಯಾವ ಇಲಾಖೆಯಿಂದ ನಮಗೆ ತೊಂದರೆಯಾಗುತ್ತಿದೆ ಅಂತ ಹೊರಗಿನವರಿಂದ ಲೆಕ್ಕ ತೆಗೆಸಿ ಅಂದರು. ಹಾಗೆ ನಗರ ಮತ್ತು ಕೌಂಟಿ ಕಚೇರಿಗಳ ತಪಾಸಣೆ ನಡೆಯಿತು. ಇದು ಹೊರಗಿನ ಪರಿಣತರಿಗೆ ಸುಲಭಕ್ಕೆ ಹೊಳೆಯುವ ಮಾತಲ್ಲ. ಒಮ್ಮೆ ಮನೆ ಕಳೆದುಕೊಂಡವರಿಗೆ ಹೊಳೆಯುತ್ತದೆ.

ಯಾಕೆ ಅಂತೀರಾ? ಆ ಊರಿನಲ್ಲಿ ಬರ್ಟನ್ ಸ್ಟ್ರೀಟ್ ಅಂತ ಇನ್ನೊಂದು ಕೇರಿಯಿದೆ. 1912ರ ಸುಮಾರಿಗೆ ಇ. ಡಬ್ಲ್ಯು. ಪಿಯರ್ಸನ್ ಎಂಬ ಕಪ್ಪು ಉದ್ಯಮಿ ಕಟ್ಟಿದ್ದು. ಆತ ಅಲ್ಲಿ ವರ್ಷ ವರ್ಷ ಕೃಷಿ ಮೇಳವನ್ನೂ ನಡೆಸುತ್ತಿದ್ದರು. ಹೆದ್ದಾರಿ ಬಂದು ಆ ಕೇರಿಯ ಮನೆಗಳನ್ನು ತೆಗೆಸಿತು. ಈಗ ಐ-26 ಹೆದ್ದಾರಿಯನ್ನು ಜೋಡಿಸುವ ಹೊಸ ಯೋಜನೆಯೂ ಆ ಕಡೆಗೇ ಬರುತ್ತಿದೆ. ಎಷ್ಟು ಮನೆ ಉಳಿಸಿಕೊಳ್ಳಬಹುದು ಅಂತ ಅಲ್ಲಿನವರು ವರ್ಷಗಟ್ಟಲೆ ನಕ್ಷೆ ಹಿಡಿದುಕೊಂಡು ಅಧಿಕಾರಿಗಳ ಜೊತೆ ಜಗ್ಗಾಡಿದ್ದಾರೆ.

ನಮಸ್ಕಾರ.