ಕ್ಯಾಮೆರಾಕ್ಕೆ ಕಂಡದ್ದೇ ಸಾಕ್ಷಿಯಲ್ಲ

ಎಲ್ಲರಿಗೂ ನಮಸ್ಕಾರ.

ಯುದ್ಧದ ಸುದ್ದಿ ಬಂದಾಗೆಲ್ಲ ಶಿವಮೊಗ್ಗದ ಹೋಟೆಲು, ಬಸ್ಸುಗಳಲ್ಲೂ ಒಂದು ಮಾತು ಕಿವಿಗೆ ಬೀಳುತ್ತದೆ. ಡ್ರೋನ್ ಗುರಿ ತಪ್ಪಲ್ಲ, ನಮ್ಮ ಸೈನಿಕರ ಜೀವಕ್ಕೂ ಅಪಾಯ ಇಲ್ಲ ಅಂತ. ಎರಡನೇ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮಕ್ಕಳನ್ನು ಸೇನೆಗೆ ಕಳಿಸಿದ ಅಪ್ಪ ಅಮ್ಮ ಈ ಸಭೆಯಲ್ಲೂ ಇರಬಹುದು. ನನ್ನ ತಕರಾರು ಮೊದಲನೇ ಮಾತಿನ ಮೇಲೆ. ಗುರಿ ತಪ್ಪದೇ ಇರಬಹುದು. ಗುರಿ ಯಾರು ಅಂತ ತೀರ್ಮಾನ ಮಾಡುವವರು ತಪ್ಪಬಹುದಲ್ವಾ?

ಕಾಬೂಲ್‌ನಲ್ಲಿ ಆದದ್ದು ಅದೇ. 2021ರ ಆಗಸ್ಟ್ 29. ಅಮೆರಿಕದ ಸೈನ್ಯ ಒಂದು ಬಿಳಿ ಕಾರನ್ನು ಸುಮಾರು 8 ಗಂಟೆ ಆಕಾಶದಿಂದ ಹಿಂಬಾಲಿಸಿತು. ಡಿಕ್ಕಿಗೆ ಏನೋ ತುಂಬುತ್ತಿದ್ದಾರೆ, ಬಾಂಬ್ ಇರಬೇಕು ಅಂದುಕೊಂಡರು. ತುಂಬುತ್ತಿದ್ದದ್ದು ನೀರಿನ ಕ್ಯಾನು. ಕಾರಿನಲ್ಲಿದ್ದವನು ಅಮೆರಿಕದ್ದೇ ಒಂದು ನೆರವು ಸಂಸ್ಥೆಯ ಕೆಲಸಗಾರ. ಸಂಜೆ ಕಾರು ಮನೆಯಂಗಳಕ್ಕೆ ಬಂದಾಗ ಕ್ಷಿಪಣಿ ಬಿತ್ತು. 10 ಜನ ಸತ್ತರು, ಅವರಲ್ಲಿ 7 ಮಕ್ಕಳು. ಸೈನ್ಯ ಮೊದಲು ಸಮರ್ಥಿಸಿಕೊಂಡಿತು. ಪತ್ರಕರ್ತರು ವಿಡಿಯೊ, ಸಾಕ್ಷಿ ಎಲ್ಲ ಜೋಡಿಸಿ ತೋರಿಸಿದ ಮೇಲೆ, ಸೆಪ್ಟೆಂಬರ್ 17ರಂದು ತಪ್ಪಾಯಿತು ಅಂದಿತು. ಡಿಸೆಂಬರ್‌ನಲ್ಲಿ, ಯಾರಿಗೂ ಶಿಕ್ಷೆ ಇಲ್ಲ ಅಂತ ತೀರ್ಮಾನವಾಯಿತು.

ಕಾಬೂಲ್ ರಾಜಧಾನಿ. ಹೋಗಿ ವಿಚಾರಿಸುವವರಿದ್ದರು. ಪಾಕಿಸ್ತಾನದ ಉತ್ತರ ವಜೀರಿಸ್ತಾನದ ಗುಡ್ಡಗಳಲ್ಲಿ ಅದೂ ಕಷ್ಟ. 2012ರ ಅಕ್ಟೋಬರ್‌ನಲ್ಲಿ ಅಲ್ಲಿ ಬೆಂಡೆಕಾಯಿ ಕೊಯ್ಯುತ್ತಿದ್ದ ಅಜ್ಜಿಯೊಬ್ಬರು ಮೊಮ್ಮಕ್ಕಳ ಕಣ್ಣೆದುರೇ ಅಮೆರಿಕದ ಡ್ರೋನ್ ದಾಳಿಗೆ ಸತ್ತರು. ಮರುವರ್ಷ ಆ ಮಕ್ಕಳು ಅಪ್ಪನ ಜೊತೆ ವಾಷಿಂಗ್ಟನ್‌ವರೆಗೆ ಹೋಗಿ ನಡೆದದ್ದನ್ನು ಹೇಳಿದರು. ಕೇಳಲು ಬಂದ ಸಂಸದರು 5 ಮಂದಿ. ಹದಿಮೂರರ ಹುಡುಗ ತನಗೀಗ ನೀಲಿ ಆಕಾಶ ಇಷ್ಟವಿಲ್ಲ ಅಂದ. ಮೋಡ ಇದ್ದರೆ ಡ್ರೋನ್ ಹಾರುವುದಿಲ್ಲವಂತೆ.

ಅಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಹೆಸರು ಗೊತ್ತಿಲ್ಲದಿದ್ದರೂ ನಡವಳಿಕೆ ನೋಡಿ ಹೊಡೆಯುವುದು. ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಹಂದಿ ಕಾಟಕ್ಕೆ ರಾತ್ರಿ ಗದ್ದೆ ಕಾಯಲು ನಾಲ್ಕು ಜನ ಕೋವಿ ಹಿಡಿದು ಹೊರಡುತ್ತಾರೆ. ಲೈಸೆನ್ಸ್ ಇರುವ ಕೋವಿ, ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ಬರುವ ಕೋವಿ. ಸಾವಿರಾರು ಅಡಿ ಮೇಲಿನ ಕ್ಯಾಮೆರಾಕ್ಕೆ ಆ ಲೈಸೆನ್ಸ್ ಕಾಣುತ್ತಾ?

ಯುದ್ಧಕ್ಕೂ ಕಾನೂನಿದೆ. ಎದುರಿಗಿರುವವರು ಯಾರು ಅಂತ ಸಂಶಯ ಬಂದರೆ ಜನಸಾಮಾನ್ಯರು ಅಂತಲೇ ತಿಳಿಯಬೇಕು ಅನ್ನುತ್ತದೆ, ಯುದ್ಧದ ನಿಯಮಗಳ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಹೆಚ್ಚುವರಿ ಪ್ರೋಟೊಕಾಲ್. ಅಮೆರಿಕ ಅದನ್ನು ಅನುಮೋದಿಸಿಲ್ಲ. ಭಾರತವೂ ಸೇರಿಲ್ಲ. ನನಗೆ ಇದು ಬೇಸರದ ವಿಷಯ.

2024ರ ಅಕ್ಟೋಬರ್‌ನಲ್ಲಿ ನಮ್ಮ ಸರ್ಕಾರ ಅಮೆರಿಕದಿಂದ 31 ಎಂಕ್ಯೂ-9ಬಿ ಡ್ರೋನ್ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಕ್ಷಿಪಣಿ ಹೊರುವ ಡ್ರೋನ್‌ಗಳು. ಹಾಗಾಗಿ ಸುಮ್ನೆ ಕೂರುವುದು ಬೇಡ. ದಾಳಿಯಲ್ಲಿ ಸತ್ತವರು ಯಾರು ಅಂತ ಸಂಸತ್ತಿಗೆ ಹೇಳಬೇಕು. ತನಿಖೆ ಮಾಡುವವರು ದಾಳಿ ಮಾಡಿದವರೇ ಆಗಿರಬಾರದು. ತಪ್ಪಾಗಿ ಸತ್ತವರ ಮನೆಯವರಿಗೆ, ಅವರು ಯಾವ ದೇಶದವರೇ ಆಗಲಿ, ದೂರು ಕೊಡಲು ಒಂದು ಜಾಗ ಇರಬೇಕು. ಈ ಮೂರನ್ನೂ ಬರೆದು ನಮ್ಮ ಸಂಸದರಿಗೆ ಕೊಡೋಣ. ಅರ್ಜಿ ಬಾಗಿಲ ಹತ್ತಿರದ ಮೇಜಿನ ಮೇಲಿದೆ, ಓದಿ ಒಪ್ಪಿಗೆಯಾದರೆ ಸಹಿ ಹಾಕಿ.